‘ನಮ್ಮ ಕಡೆ ಏನೈತಿ ನೋಡಾಕ?’

ಕಳೆದ ದೀಪಾವಳಿಗೆ ಅಕ್ಕನ ಮಗ ಊರಿಗೆ ಬಂದಿದ್ದ. ಪುಣೆಯಲ್ಲಿ ನೌಕರಿ. ಬರುವ ಮೊದಲು ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬನೇ ಚೀನಾ ಸುತ್ತಿದ್ದ. ಭಾಷೆ ಬಾರದ, ಗುರುತಿನವರು ಒಬ್ಬರೂ ಇಲ್ಲದ ಅಷ್ಟು ದೊಡ್ಡ ದೇಶದಲ್ಲಿ ಮೂರು ವಾರ. ಬೀಜಿಂಗಿನ ಅರಮನೆ, ಮಹಾಗೋಡೆ, ಶಿಯಾನಿನ ಮಣ್ಣಿನ ಸೈನಿಕರು, ಹುವಾಶಾನ್ ಬೆಟ್ಟದ ಕಡಿದಾದ ಮೆಟ್ಟಿಲು, ಒಂದೊಂದನ್ನೂ ಫೋನಿನಲ್ಲಿ ತೋರಿಸುತ್ತ ಪಡಸಾಲೆಯಲ್ಲಿ ಕೂತಿದ್ದ. ಮನೆಮಂದಿಯೆಲ್ಲ ಸುತ್ತ ನೆರೆದಿದ್ದೆವು. ಒಂದು ಚಿತ್ರದಲ್ಲಿ ಅವನ ಕೈ ಮಾತ್ರ ಇತ್ತು. ಮಹಾಗೋಡೆಯ ಇಟ್ಟಿಗೆಯೊಂದರ ಮೇಲೆ ಅಂಗೈ ಊರಿದ್ದ. “ಮಾಮಾ, ಇದನ್ನ ಮುಟ್ಟಿದಾಗ ಮೈ ಝುಂ ಅಂತು” ಎಂದ. ನನಗೆ ಹಿಗ್ಗಾಯಿತು. ಕಲ್ಲು ಮುಟ್ಟಿ ಮೈ ಝುಂ ಅನ್ನುವ ಹುಡುಗರು ಎಷ್ಟು ಮಂದಿ ಸಿಗುತ್ತಾರೆ?

ಆ ಹಿಗ್ಗಿನಲ್ಲೇ ಕೇಳಿದೆ: “ಬೈಲಹೊಂಗಲದಾಗ ಚೆನ್ನಮ್ಮನ ಸಮಾಧಿ ಮುಟ್ಟೀಯೇನೋ?” ಅವನು ಪಿಯುಸಿ ತನಕ ಬೈಲಹೊಂಗಲದಲ್ಲೇ ಓದಿದವನು. ದಿನಾ ಆ ಊರಿನ ಓಣಿಗಳಲ್ಲಿ ಸೈಕಲ್ ತುಳಿದವನು. “ಹೊರಗಿಂದ ನೋಡೇನಿ ಮಾಮಾ, ಒಳಗ ಹೋಗಿಲ್ಲ” ಎಂದ. “ಒಕ್ಕುಂದ?” “ಅದು ಎಲ್ಲಿ ಬರ್ತೈತಿ?” ನನ್ನ ಮೋರೆ ನೋಡಿ ಅಕ್ಕ ಮಗನ ರಕ್ಷಣೆಗೆ ಬಂದಳು. “ಬಿಡೋ ಮಾರಾಯ, ನಮ್ಮ ಕಡೆ ಏನೈತಿ ನೋಡಾಕ?” ಸುತ್ತ ಕೂತವರೆಲ್ಲ ಹೌದು ಹೌದೆಂದು ಗೋಣು ಹಾಕಿದರು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಇನ್ನೂ ಹತ್ತು ದೇಶ ನೋಡಲಿ. ನನ್ನ ತಕರಾರು ಇರುವುದು ಆ ಮಾತಿನ ಮೇಲೆ, ಅದಕ್ಕೆ ಗೋಣು ಹಾಕಿದವರ ಮೇಲೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳಲ್ಲಿ ಯಾವ ಕಟ್ಟೆಯ ಮೇಲೆ ಕೂತರೂ, ಯಾವ ಲಗ್ನದ ಪಂಕ್ತಿಯಲ್ಲಿ ಉಂಡರೂ ಆ ಮಾತು ಕಿವಿಗೆ ಬೀಳುತ್ತದೆ. ನೋಡುವಂಥದ್ದು ಇರುವುದು ದೂರದಲ್ಲಿ. ಪ್ರವಾಸ ಎಂದರೆ ವಿಮಾನ, ಕಡೇಪಕ್ಷ ರಾತ್ರಿಯಿಡೀ ಓಡುವ ಬಸ್ಸು. ಹತ್ತಿರದ್ದು ಪ್ರವಾಸವಲ್ಲ, ಹತ್ತಿರದ ಕಲ್ಲು ಬರೀ ಕಲ್ಲು. ಇದನ್ನು ನಾವು ವಿನಯ ಎಂದುಕೊಂಡಿದ್ದೇವೆ. ವಿನಯದ ಸೋಗಿನಲ್ಲಿ ಹೇಳುವ ಈ ಸುಳ್ಳು ನಮ್ಮ ಗುಡಿಗಳನ್ನು ಕೆಡವುತ್ತಿದೆ, ಮಕ್ಕಳನ್ನು ಸ್ವಂತ ಊರಿನಲ್ಲೇ ಪರದೇಶಿಗಳನ್ನಾಗಿ ಮಾಡುತ್ತಿದೆ. ಅದನ್ನು ಸುಮ್ಮನೆ ಕೇಳಿಸಿಕೊಂಡು ಕೂರುವ ತಾಳ್ಮೆ ನನಗೆ ಉಳಿದಿಲ್ಲ.

ಏನೈತಿ ಎಂದು ಕೇಳಿದಿರಲ್ಲ, ಕೇಳಿ.

ಕಿತ್ತೂರಿನಿಂದ ಹೊರಡೋಣ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಿನಕ್ಕೆ ಸಾವಿರಾರು ವಾಹನ ಆ ಊರಿನ ಪಕ್ಕದಲ್ಲೇ ಓಡುತ್ತವೆ. ರಸ್ತೆಯಿಂದ ಒಳಗೆ ಹೊರಳಿದರೆ ಕೋಟೆಯ ಬಯಲು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಈ ಕೋಟೆಯ ಮುಂದೆ. ಕ್ಯಾಪ್ಟನ್ ಬ್ಲ್ಯಾಕ್ ಸತ್ತ, ಸ್ಟೀವನ್ಸನ್ ಮತ್ತು ಎಲಿಯಟ್ ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಕಂಪನಿ ಸರಕಾರ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. 1857ರ ಬಂಡಾಯಕ್ಕೆ ಇನ್ನೂ ಮೂವತ್ಮೂರು ವರ್ಷವಿತ್ತು. ಅರಮನೆಯಲ್ಲಿ ಉಳಿದಿರುವುದು ಅರೆಗೋಡೆಗಳು. ಆ ಗೋಡೆಗಳ ನಡುವೆ ನೀರು ಹರಿದ ನಳಿಕೆಯ ಜಾಡು, ಬಚ್ಚಲ ತೊಟ್ಟಿ, ಧ್ರುವ ನಕ್ಷತ್ರ ನೋಡಲೆಂದು ಇಟ್ಟ ಕಿಂಡಿ ಕಾಣುತ್ತವೆ. ಆ ಕಿಂಡಿಗೆ ಕಣ್ಣಿಟ್ಟವರು ಯಾರಿದ್ದರು, ಯಾವ ರಾತ್ರಿ ಏನೆಂದುಕೊಂಡು ನೋಡಿದರು ಎಂದು ಕೇಳುವ ಮನಸ್ಸು ಬರಲು ಬೀಜಿಂಗಿಗೆ ಹೋಗಬೇಕೆ?

ಅಲ್ಲಿಂದ ಹತ್ತಿರವೇ ದೇಗಾಂವ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿದೆ. ಮೂರು ಗರ್ಭಗುಡಿಗಳು ಒಂದೇ ಸಾಲಿನಲ್ಲಿವೆ. ಕಲ್ಲನ್ನು ಕಸೂತಿಯ ಹಾಗೆ ಬಿಡಿಸಿದ್ದಾರೆ. ಅರಸರ ಗುಡಿಗಳನ್ನು ಪಟ್ಟಿ ಮಾಡಿ ಹೇಳುವ ನಾವು ಒಬ್ಬ ಹೆಣ್ಣುಮಗಳು ಕಟ್ಟಿಸಿ ತನ್ನ ಹೆಸರಿಟ್ಟ ಗುಡಿಯನ್ನು ಮನೆಯ ಹೆಣ್ಣುಮಕ್ಕಳಿಗೆ ಯಾಕೆ ತೋರಿಸುವುದಿಲ್ಲ?

ಬೈಲಹೊಂಗಲ ಕಿತ್ತೂರಿನ ರಾಣಿ ಚೆನ್ನಮ್ಮನ ಸೆರೆಮನೆಯ ಊರು. ಕೋಟೆ ಬಿದ್ದ ಮೇಲೆ ನಾಲ್ಕು ವರ್ಷಕ್ಕೂ ಮಿಕ್ಕಿ ಇಲ್ಲಿ ಸೆರೆಯಿದ್ದು, 1829ರ ಫೆಬ್ರವರಿಯಲ್ಲಿ ಇಲ್ಲಿಯೇ ತೀರಿಕೊಂಡಳು. ಅವಳ ಬಂಟ ಸಂಗೊಳ್ಳಿ ರಾಯಣ್ಣ ಇದೇ ತಾಲೂಕಿನವನು. ಶಿವಾಜಿಯ ದಂಡಿಗೆ ಎದುರು ನಿಂತ ಮಲ್ಲಮ್ಮನ ಬೆಳವಡಿಯೂ ಇದೇ ತಾಲೂಕಿನಲ್ಲಿದೆ. ಮಲಪ್ರಭೆಯ ದಂಡೆಯ ಒಕ್ಕುಂದವೂ ಇಲ್ಲಿಯದೇ. ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಸೀಮೆಗೆ ನಾಲ್ಕು ಊರುಗಳನ್ನು ಗುರುತು ಹಾಕಿತು. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮೂರನ್ನೂ ಜನ ಬಲ್ಲರು. ನಾಲ್ಕನೆಯದು ಈ ಒಕ್ಕುಂದ. ಸಾವಿರದ ನೂರೈವತ್ತು ವರ್ಷದ ಹಿಂದೆ ‘ಕನ್ನಡದ ಹುರುಳು ಎಲ್ಲಿದೆ’ ಎಂದು ಕೇಳಿದವರಿಗೆ ಬೆರಳು ಮಾಡಿ ತೋರಿಸಿದ ಊರು. ಆ ತಾಲೂಕಿನಲ್ಲಿ ಓದಿದ ಹುಡುಗ ‘ಅದು ಎಲ್ಲಿ ಬರ್ತೈತಿ’ ಎನ್ನುತ್ತಾನೆ. ಇದು ಅವನ ಅಜ್ಞಾನವಲ್ಲ. ನಾವು ಅವನಿಗೆ ಕೊಟ್ಟ ಶಿಕ್ಷಣ.

ಹೊಳೆಯ ಜಾಡು ಹಿಡಿದು ಇಳಿದರೆ ಮುನವಳ್ಳಿ, ಯಾದವರ ಕಾಲದ ಪಂಚಲಿಂಗೇಶ್ವರ ಗುಡಿ. ಮುಂದೆ ಸವದತ್ತಿ. ಶಾಸನಗಳು ಇದನ್ನು ಸುಗಂಧವರ್ತಿ ಎಂದು ಕರೆದವು. ರಟ್ಟರು ಬೆಳಗಾವಿಗೆ ಹೋಗುವ ಮೊದಲು ಇಲ್ಲಿಂದಲೇ ಆಳಿದರು. ಊರ ನಡುವಿನ ಕೋಟೆ ಶಿರಸಂಗಿಯ ದೇಸಾಯರದು, 18ನೆಯ ಶತಮಾನದ್ದು. ಸನಿಹದಲ್ಲಿ ಪರಸಗಡ. ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು ಹೊಳೆ ಹೊರಬೀಳುವ ಜಾಗದಲ್ಲಿ ಅಣೆಕಟ್ಟು, ಅದರ ಹಿಂದೆ ರೇಣುಕಾಸಾಗರ.

ಹೂಲಿಯ ವಿಚಾರ ಸ್ವಲ್ಪ ನಿಂತು ಹೇಳಬೇಕು. ಸವದತ್ತಿಯಿಂದ ಹತ್ತು ಕಿಲೋಮೀಟರ್ ಕೂಡ ಇಲ್ಲ. ಶಾಸನಗಳ ಪೂಲಿ, ಸಾವಿರ ಮಹಾಜನರ ಅಗ್ರಹಾರ. ಗುಡ್ಡದ ಬುಡದಲ್ಲಿ ಪಂಚಲಿಂಗೇಶ್ವರ ಗುಡಿ. ಸುತ್ತ ಊರೊಳಗೂ ಕೆರೆಯ ಕಡೆಗೂ ಗುಡ್ಡದ ಮಗ್ಗುಲಿಗೂ ಚೆದುರಿದ ಗುಡಿಗಳು. ಕೆಲವಕ್ಕೆ ಶಿಖರವಿಲ್ಲ, ಕೆಲವಕ್ಕೆ ಬಾಗಿಲವಾಡ ಮಾತ್ರ ಉಳಿದಿದೆ. ನಾನು ಹೋದದ್ದು ಮಾಘದ ಒಂದು ಮಧ್ಯಾಹ್ನ. ಪಂಚಲಿಂಗೇಶ್ವರದ ಮಂಟಪದಲ್ಲಿ ಕಡೆದ ಕಂಬಕ್ಕೆ ಬೆನ್ನು ಹಚ್ಚಿ ಕೂತೆ. ಕಂಬ ತಣ್ಣಗಿತ್ತು. ನಯ ಎಷ್ಟೆಂದರೆ ನನ್ನ ಬಿಳಿ ಅಂಗಿಯ ನೆರಳು ಎದುರಿನ ಕಂಬದ ಹೊಟ್ಟೆಯಲ್ಲಿ ಮಸುಕಾಗಿ ಹೊಳೆಯಿತು. ಒಂದು ಆಡಿನ ಮರಿ ಒಳಗೆ ಬಂತು, ನನ್ನನ್ನು ನೋಡಿ ಹೊರಗೆ ಹೋಯಿತು. ಒಂದು ತಾಸು ಕೂತಿದ್ದೆ. ಬೇರೆ ಒಂದು ನರಪಿಳ್ಳೆ ಬರಲಿಲ್ಲ. ಅವತ್ತೇ ಹತ್ತು ಕಿಲೋಮೀಟರ್ ಆಚೆ ಯಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇನ್ನೂ ಪೂರ್ವಕ್ಕೆ ಶಿರಸಂಗಿ. ಕಾಳಿಕಾದೇವಿಯ ಊರು, ತನ್ನ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರ ವಾಡೆಯ ಊರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದವರು ಲಕ್ಷಗಟ್ಟಲೆ. ಆ ಹೆಸರಿನ ಮನುಷ್ಯ ಬಾಳಿದ ಮನೆ ನೋಡಿದವರು ಎಷ್ಟು? ರಾಮದುರ್ಗ ಸೀಮೆಗೆ ಬಂದರೆ ಕೋಟೆಯೊಳಗೆ ಭೂತನಾಥ ಗುಡಿ ಇಟ್ಟುಕೊಂಡ ತೊರಗಲ್ಲು, ವೀರಭದ್ರನ ಗೊಡಚಿ, ಶಬರಿ ರಾಮನ ದಾರಿ ಕಾದಳೆಂದು ಜನ ನಂಬಿದ ಶಬರಿಕೊಳ್ಳ. ಆ ಕೊಳ್ಳದ ಪಕ್ಕದ ಸುರೇಬಾನದಲ್ಲಿಯೇ 1858ರ ಮೇ ತಿಂಗಳ ರಾತ್ರಿ ನರಗುಂದದ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಎರಡು ವಾರದೊಳಗೆ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. 1939ರ ಏಪ್ರಿಲ್‌ನಲ್ಲಿ ಅಲ್ಲಿ ಜನ ರೊಚ್ಚಿಗೆದ್ದು ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು. ಸ್ವಾತಂತ್ರ್ಯ ಹೋರಾಟದ ಪಾಠ ಹೇಳುವಾಗ ಚಂಪಾರಣ್ಯಕ್ಕೆ, ಚೌರಿಚೌರಾಕ್ಕೆ ಹೋಗುವ ನಮ್ಮ ಮಾಸ್ತರರು ರಾಮದುರ್ಗದ ಬಸ್ ನಿಲ್ದಾಣದಿಂದ ನಡೆದು ಮುಟ್ಟುವ ಜಾಗವನ್ನು ಯಾಕೆ ದಾಟಿ ಹೋಗುತ್ತಾರೆ?

ಕಿತ್ತೂರಿನಿಂದ ರಾಮದುರ್ಗಕ್ಕೆ ಹೊಳೆಯ ಆಸರೆಯಲ್ಲಿ ನೂರು-ನೂರಿಪ್ಪತ್ತು ಕಿಲೋಮೀಟರ್. ಒಂದು ಹಳ್ಳ, ಒಂದು ಗುಡ್ಡ, ಒಂದು ಎರಿಹೊಲ ದಾಟಿದರೆ ಇನ್ನೊಂದು ಶತಮಾನ. ಬೆನ್ನಿಗೆ ಚೀಲ ಹಾಕಿದ ಗಟ್ಟಿ ಕಾಲಿನವನಿಗೆ ಒಂದು ವಾರದ ದಾರಿ. ಏನೂ ಇಲ್ಲದ ಸೀಮೆ ಇದೇನಾ?

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನನ್ನ ಮುಂದೆ ಇಡುವವರಿದ್ದಾರೆ. ದೂರ ಹೋದರೆ ಮನಸ್ಸು ಅಗಲವಾಗುತ್ತದೆ, ಹತ್ತಿರದಲ್ಲಿ ಏನು ಕಲಿಯುವುದಿದೆ ಎನ್ನುತ್ತಾರೆ. ಸುತ್ತು ಎಂದ ಗಾದೆ ಹಾರು ಎನ್ನಲಿಲ್ಲ. ಸುತ್ತುವುದಕ್ಕೆ ನಡುವೆ ಒಂದು ಗೂಟ ಬೇಕು. ಕಣದಲ್ಲಿ ಎತ್ತು ಸುತ್ತುವುದು ಮೇಟಿಯ ಆಧಾರದಿಂದ. ಮೇಟಿಯೇ ಇಲ್ಲದ ಎತ್ತು ಸುತ್ತುವುದಿಲ್ಲ, ದಾರಿ ತಪ್ಪುತ್ತದೆ. ಒಕ್ಕುಂದ ಗೊತ್ತಿಲ್ಲದವನು ಶಿಯಾನಿನಲ್ಲಿ ಏನನ್ನು ಯಾವುದಕ್ಕೆ ಹೋಲಿಸಿ ನೋಡುತ್ತಾನೆ? ವೀರಗಲ್ಲಿನ ಮೂರು ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಲು ಕಲಿಯದ ಕಣ್ಣು ಪರದೇಶದ ಸಮಾಧಿಯ ಮುಂದೆ ಎಷ್ಟು ಹೊತ್ತು ನಿಂತೀತು? ದೂರವೇ ಗುರುವಾಗಿದ್ದರೆ ವಿಮಾನ ನಡೆಸುವವರೆಲ್ಲ ಜ್ಞಾನಿಗಳಾಗಬೇಕಿತ್ತು.

ದೂರದಿಂದ ಇಲ್ಲಿಗೆ ಬಂದವರನ್ನಾದರೂ ನೋಡಿ. ನನ್ನ ಅಳಿಯ ಸುತ್ತಿದ ಅದೇ ಚೀನಾದಿಂದ 629ರಲ್ಲಿ ಹೊರಟ ಹ್ಯೂಯೆನ್ ತ್ಸಾಂಗ್ ಬೆಟ್ಟ, ಮರಳುಗಾಡು ದಾಟಿ ಇಮ್ಮಡಿ ಪುಲಿಕೇಶಿಯ ಸೀಮೆಯನ್ನು ಕಂಡು, ಇಲ್ಲಿಯ ಜನರ ಸ್ವಾಭಿಮಾನವನ್ನು, ಹರ್ಷನಿಗೂ ಮಣಿಯದ ಕಸುವನ್ನು ಬರೆದಿಟ್ಟುಕೊಂಡು 645ರಲ್ಲಿ ಊರಿಗೆ ಮರಳಿದ. ನಮ್ಮ ಸೀಮೆಯ ಜನ ಹೇಗಿದ್ದರು ಎಂದು ತಿಳಿಯಲು ನಾವು ಇವತ್ತಿಗೂ ಆ ಪರದೇಶಿಯ ಪುಸ್ತಕ ತೆರೆಯಬೇಕು. 1867ರಲ್ಲಿ ಮುಂಬಯಿ ಸರಕಾರದ ಚಾಕರಿಗೆ ಸೇರಿದ ಇಂಗ್ಲೆಂಡಿನ ಜಾನ್ ಫೇತ್‌ಫುಲ್ ಫ್ಲೀಟ್ ಹಳಗನ್ನಡ ಕಲಿತ. ನಮ್ಮ ಊರೂರಿನ ಕಲ್ಲುಗಳ ಅಕ್ಷರ ಇಳಿಸಿಕೊಂಡ. ಸವದತ್ತಿಯ ರಟ್ಟರ, ದೇಗಾಂವದ ಕದಂಬರ ಶಾಸನ ಅಚ್ಚು ಮಾಡಿಸಿದ. ನಮ್ಮ ಹಾಡುಗಾರರು ಹಾಡುತ್ತಿದ್ದ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬಿಡದೆ ಬರೆದುಕೊಂಡ, ಅದೂ ತನ್ನ ಜನರ ವಿರುದ್ಧ ಕತ್ತಿ ಹಿಡಿದವನ ಹಾಡನ್ನು. ಅವನ ಸರಕಾರವನ್ನು ನಾನು ಹೊಗಳಲಾರೆ. ಆದರೆ ಬಿಸಿಲಲ್ಲಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಷರ ತಿದ್ದಿ ಓದಿದ ಅವನ ಆಸ್ಥೆಯ ಮುಂದೆ, ಆ ಕಲ್ಲಿನ ಊರಲ್ಲೇ ಹುಟ್ಟಿದ ನಾವು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು?

‘ನಮ್ಮ ಕಡೆ ಏನೈತಿ’ ಎಂಬ ದೃಷ್ಟಿಯ ಇನ್ನೊಂದು ಅಪರಾಧವನ್ನು ನಾನು ಕ್ಷಮಿಸಲಾರೆ. ಅದು ನಮ್ಮ ನಿಜವಾದ ಪಯಣಿಗರನ್ನು ಪಯಣಿಗರೆಂದೇ ಎಣಿಸುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ನಿಂತು ನೋಡಿ. ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು, ತಲೆಯ ಮೇಲೆ ದೇವಿಯ ಕೊಡ ಹೊತ್ತು ಬರಿಗಾಲಲ್ಲಿ ನಡೆದು ಬರುವವರಿದ್ದಾರೆ. ನಮ್ಮ ಹೊಲದ ಬದುವಿನಲ್ಲೇ ಅವರ ಬಿಡಾರ. ಮೂರು ಕಲ್ಲು ಹೂಡಿ ಒಲೆ, ಎಣ್ಣೆ ಹಚ್ಚಿದ ಎತ್ತಿನ ಕೊಂಬು, ಹಣೆಯ ತುಂಬ ಭಂಡಾರ. ಗುಡ್ಡದ ಮೇಲೆ ಪರಡಿ ತುಂಬಿದಾಗ ಕಡಬು, ಹೋಳಿಗೆ, ರೊಟ್ಟಿ, ಬದನೆಕಾಯಿ ಪಲ್ಯ ಗುರುತಿಲ್ಲದವನ ಕೈಗೂ ಬೀಳುತ್ತದೆ. ಒಂದು ವರ್ಷ ಒಬ್ಬ ಅಜ್ಜಿ ನನ್ನ ಕೈಗೆ ಎರಡು ಕಡಬು ಹಾಕಿ, ಮರಾಠಿಯಲ್ಲಿ ಏನೋ ಕೇಳಿದಳು. ನಾನು ಕನ್ನಡದಲ್ಲಿ ಏನೋ ಹೇಳಿದೆ. ಇಬ್ಬರಿಗೂ ಅರ್ಥವಾಯಿತು. ನಲವತ್ತು ವರ್ಷದಿಂದ ತಪ್ಪದೆ ಬರುತ್ತಿದ್ದೇನೆ ಎಂದಳು. ದಾರಿಯ ಯಾವ ಹಳ್ಳಿಯಲ್ಲಿ ಸಿಹಿ ನೀರಿನ ಬಾವಿ, ಯಾವ ಆಲದ ಕೆಳಗೆ ರಾತ್ರಿ ಮಲಗಬಹುದು, ಯಾವ ಊರ ಗೌಡರು ಮೇವು ಕೊಡುತ್ತಾರೆ ಎಲ್ಲವೂ ಅವಳ ನಾಲಗೆಯ ತುದಿಯಲ್ಲಿತ್ತು. ಭಾಷೆ ಬೇರೆಯಾದ ಸೀಮೆಯನ್ನು ಕಾಲಲ್ಲಿ ಅಳೆದು, ಸಿಕ್ಕವರೊಡನೆ ಹಂಚಿ ಉಂಡು, ಬಯಲಲ್ಲಿ ಮಲಗಿ ಊರಿಗೆ ಮರಳುವವರು ಪ್ರವಾಸಿಗರಲ್ಲವೆ? ಬಣ್ಣದ ಚೀಲ, ಬೆಲೆಯ ಬೂಟು ಇಲ್ಲದ್ದಕ್ಕೆ ಅವರು ಬರೀ ‘ಗದ್ದಲ’ವೆ? ನಾವು ಅವರನ್ನು ಕಾಣುವುದು ಟ್ರಾಫಿಕ್ ಜಾಮಿನ ಸುದ್ದಿಯಲ್ಲಿ ಮಾತ್ರ. ಅವರ ದಾರಿಗೆ ನೆರಳಿಲ್ಲ, ಹೆಣ್ಣುಮಕ್ಕಳಿಗೆ ಮರೆಯಿಲ್ಲ, ರಾತ್ರಿ ಬೆಳಕಿಲ್ಲ.

ಪ್ರವಾಸವೆಂದರೆ ದೂರ ಎಂಬ ನಂಬಿಕೆಯನ್ನು ಮಕ್ಕಳ ತಲೆಯಲ್ಲಿ ಮೊದಲು ಬಿತ್ತುವುದು ಶಾಲೆ. ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದೇನೆ. ಡಿಸೆಂಬರ್ ಬಂದರೆ ಬಸ್ಸು ಮಾತಾಡಿ ಮಕ್ಕಳನ್ನು ಮೈಸೂರಿಗೋ ಗೋವೆಗೋ ಒಯ್ದಿದ್ದೇನೆ. ಒಂದು ವರ್ಷ ಮೈಸೂರಿಗೆ ಹೊರಟ ನಮ್ಮ ಬಸ್ಸು ಕಿತ್ತೂರು ದಾಟಿದ್ದು ರಾತ್ರಿ ಹನ್ನೊಂದರ ಸುಮಾರಿಗೆ. ಮಕ್ಕಳೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಮಲಗಿದ್ದರು. ಎಚ್ಚರವಿದ್ದ ಒಂದು ಹುಡುಗಿ ಕಿಟಕಿಯಿಂದ ಊರ ಹೆಸರಿನ ಫಲಕ ಓದಿ, “ಸರ್, ಇದು ಚೆನ್ನಮ್ಮನ ಕಿತ್ತೂರೇನ್ರೀ? ಇಳಿಯೂದಿಲ್ಲೇನ್ರೀ?” ಎಂದು ಕೇಳಿದಳು. “ಬರುವಾಗ ನೋಡೋಣ, ಮಲಗು” ಎಂದೆ. ಬರುವಾಗಲೂ ರಾತ್ರಿಯೇ ಆಗಿತ್ತು. ಆ ಹುಡುಗಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಾನು ಆಡಿದ ಆ ಮಾತು ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ನಿಂತಿದೆ. ನಾನೂ ಬಾಯಿ ಬಿಟ್ಟು ಹೇಳದೆ ಅವಳಿಗೆ ಅದನ್ನೇ ಕಲಿಸಿದೆ: ಇಲ್ಲಿ ಇಳಿಯುವಂಥದ್ದು ಏನಿಲ್ಲ.

ಆಳುವವರು ಈ ನಂಬಿಕೆಯ ಮೇಲೆಯೇ ರಾಜ್ಯ ಮಾಡುತ್ತಾರೆ. ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. ವೇದಿಕೆ, ಮೆರವಣಿಗೆ, ದೀಪದ ಸರ. 26ಕ್ಕೆ ಶಾಮಿಯಾನ ಬಿಚ್ಚಿದರೆ ಉಳಿದ ಮುನ್ನೂರರವತ್ತೆರಡು ದಿನ ಆ ಗೋಡೆಗಳಿಗೆ ಗಾಳಿ ಮಳೆಯೇ ಗತಿ. 2007ರಲ್ಲಿ ಸಂಸತ್ತಿನ ಅಂಗಳದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು. 2021ರಲ್ಲಿ ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಾಯಿತು. ಎರಡೂ ಆಗಬೇಕಿದ್ದವೇ. ಆದರೆ ಏಳು ಜಿಲ್ಲೆಗಳಿಗೆ ಹೆಸರು ಕೊಟ್ಟ ಊರಿನ ಅರಮನೆ ಇನ್ನೂ ಅರೆಗೋಡೆಯಾಗಿಯೇ ಇರುವಾಗ, ಅದರ ಪಡಿಯಚ್ಚನ್ನು ಬೇರೆ ಕಡೆ ಕಟ್ಟುವ ಯೋಜನೆಯ ಮಾತು ಎದ್ದಿತು. ಕಿತ್ತೂರಿನ ಜನ ಎದುರು ನಿಂತರು, ನಿಂತದ್ದು ಸರಿ. ತಾಯಿ ಹಾಸಿಗೆ ಹಿಡಿದಿರುವಾಗ ಔಷಧಿಯ ದುಡ್ಡಿನಲ್ಲಿ ಅವಳ ಚಿತ್ರ ಬರೆಸುವ ಮಕ್ಕಳನ್ನು ಏನೆಂದು ಕರೆಯಬೇಕು?

ಯಲ್ಲಮ್ಮನ ಗುಡ್ಡಕ್ಕೆ ಕೇಂದ್ರದ ಯೋಜನೆಯಲ್ಲಿ 100 ಕೋಟಿ ರೂಪಾಯಿ ಮಂಜೂರಾಗಿದೆ. ಸಂತೋಷ. ಅದರಲ್ಲಿ ಹತ್ತು ಕಿಲೋಮೀಟರ್ ದೂರದ ಹೂಲಿಗೆ ನಡೆದು ಹೋಗುವ ಒಂದು ನೆರಳಿನ ದಾರಿಗಾಗುವಷ್ಟಾದರೂ ತೆಗೆಯಿರಿ ಎಂದು ನಮ್ಮಲ್ಲಿ ಯಾರು ಕೇಳಿದ್ದಾರೆ? ಈ ನಾಲ್ಕು ತಾಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗಬೇಕಾದ ರೈಲು ಮಾತಿನಲ್ಲೇ ಎಷ್ಟು ವರ್ಷ ಓಡಿತು! ನೋಡುವಂಥದ್ದೇನಿಲ್ಲ ಎಂದು ನಾವೇ ಡಂಗುರ ಹೊಡೆಯುವ ಸೀಮೆಗೆ ದಾರಿ ಮಾಡಿಕೊಡಲು ಯಾವ ಸರಕಾರಕ್ಕೆ ಆತುರವಿದ್ದೀತು?

ಇನ್ನು ಕಲ್ಲುಗಳ ಗತಿ. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ, ಊರ ಹೆಸರು ಬೇಡ, ಹಳ್ಳದ ದಂಡೆಯಲ್ಲಿ ಹೆಣ್ಣುಮಕ್ಕಳು ಅರಿವೆ ಒಗೆಯುವ ಚಪ್ಪಡಿಯ ಅಂಚಿನಲ್ಲಿ ನನಗೆ ಕುದುರೆಯ ಕಿವಿ ಕಂಡಿತು. ಇಬ್ಬರು ಸೇರಿ ಹೊರಳಿಸಿದೆವು. ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ತುರು ಕಾಯುತ್ತ ಬಿದ್ದ ವೀರ, ನಡುವೆ ಅವನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೂತ ಅವನೇ. ಬರಹದ ಸಾಲು ಸೋಪಿನ ನೀರಿಗೆ ಸವೆದು ಹೋಗಿತ್ತು. ಆ ವೀರ ಯಾರ ದನ ಕಾಯಲು ಸತ್ತನೋ ಅವರ ಮೊಮ್ಮಕ್ಕಳ ಮೊಮ್ಮಕ್ಕಳೇ ಆ ಕಲ್ಲಿನ ಮೇಲೆ ಅರಿವೆ ಬಡಿಯುತ್ತಿದ್ದರು. ಅವರದು ತಪ್ಪೆಂದು ನಾನು ಹೇಳಲಾರೆ. ಇದು ಇಂಥದ್ದು ಎಂದು ಅವರಿಗೆ ಹೇಳಿದವರು ಯಾರು?

ಚೀನಾದಲ್ಲಿಯೂ ಒಂದು ಕಾಲಕ್ಕೆ ಹೀಗೇ ಇತ್ತು. ಮಹಾಗೋಡೆಯ ಇಟ್ಟಿಗೆ ಕಿತ್ತು ಪಕ್ಕದ ಹಳ್ಳಿಗರು ಮನೆ, ಹಂದಿಗೂಡು ಕಟ್ಟಿಕೊಂಡರು. ಶಿಯಾನಿನ ಮಣ್ಣಿನ ಸೈನಿಕರು ಸಿಕ್ಕಿದ್ದು 1974ರಲ್ಲಿ, ಬಾವಿ ತೋಡುತ್ತಿದ್ದ ರೈತರಿಗೆ. ಅದಕ್ಕೂ ಮೊದಲು ಆ ರೈತರೂ ‘ನಮ್ಮ ಕಡೆ ಏನಿದೆ’ ಎಂದುಕೊಂಡೇ ಉಳುತ್ತಿದ್ದಿರಬೇಕು. ಅಗೆದಾಗ ಸಿಕ್ಕಿದ್ದನ್ನು ಆ ದೇಶ ಎತ್ತಿ ನಿಲ್ಲಿಸಿತು. ಇವತ್ತು ಬೈಲಹೊಂಗಲದ ಹುಡುಗ ಅಲ್ಲಿಗೆ ಹೋಗಿ ಸರದಿಯಲ್ಲಿ ನಿಲ್ಲುತ್ತಾನೆ. ನಮ್ಮ ರೈತನ ನೇಗಿಲಿಗೆ ಕಲ್ಲು ಸಿಕ್ಕರೆ ಬದುವಿಗೆ ಹೋಗುತ್ತದೆ, ಇಲ್ಲವೇ ದನದ ಗೋದಲಿಗೆ.

ಸ್ವಂತ ಸೀಮೆಯನ್ನು ನೋಡಿ ಎಂದು ನಾನು ಕರೆಯುವುದು ಬರೀ ಎದೆ ಉಬ್ಬಿಸಿಕೊಳ್ಳಲಿಕ್ಕೂ ಅಲ್ಲ. ಪರದೇಶದಲ್ಲಿ ಪ್ರವಾಸಿ ಚೆಂದದ್ದನ್ನು ನೋಡಿ ಬರುತ್ತಾನೆ, ಅಲ್ಲಿಯ ನೋವು ಅವನ ಹೆಗಲಿಗೆ ಬರುವುದಿಲ್ಲ. ಇಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು. ಯಲ್ಲಮ್ಮನ ಗುಡ್ಡ ಹತ್ತಿದವನು ಆ ದೇವಿಯ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಕಥೆಯನ್ನು, ಅದನ್ನು ತಡೆಯಲು 1982ರಲ್ಲಿ ಕಾನೂನು ಬರಬೇಕಾಗಿ ಬಂದದ್ದನ್ನು ತಿಳಿಯಬೇಕು. ರೇಣುಕಾಸಾಗರದ ಸೊಬಗು ನೋಡಿದವನು ಅದರ ತಳದ ಹೊಲಗಳು ಯಾರವೆಂದು ಕೇಳಬೇಕು. 2019ರ ಆಗಸ್ಟ್‌ನಲ್ಲಿ ಅದೇ ಮಲಪ್ರಭೆ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನುಗ್ಗಿದಾಗ ನೀರು ಎಲ್ಲಿಯ ತನಕ ಏರಿತ್ತೆಂದು ಗೋಡೆಯ ಗೆರೆ ಮುಟ್ಟಿ ನೋಡಬೇಕು. ರಾಮದುರ್ಗದ ನೇಕಾರನ ಮಗ್ಗ ಯಾಕೆ ನಿಂತಿತೆಂದು ಅವನ ಕಟ್ಟೆಯ ಮೇಲೆ ಕೂತು ಕೇಳಬೇಕು. ಹತ್ತಿರದ್ದನ್ನು ನೋಡಲು ನಾವು ಹೆದರುವುದು ಇದಕ್ಕೇ ಇರಬಹುದು. ನೋಡಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ.

ಹಾಗಾದರೆ ಮಾಡೋಣ. ಈ ನಾಲ್ಕು ತಾಲೂಕಿನ ಹೈಸ್ಕೂಲುಗಳ ಮುಖ್ಯಗುರುಗಳೇ, ನಿಮ್ಮ ಮಕ್ಕಳ ಮೊದಲ ಪ್ರವಾಸ ಈ ನಾಲ್ಕು ತಾಲೂಕಿನೊಳಗೇ ಆಗಲಿ, ಅದೂ ಕಾಲ್ನಡಿಗೆಯಲ್ಲಿ. ಮೈಸೂರು ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷ ಹೋಗಿ. ಪಂಚಾಯಿತಿ ಸದಸ್ಯರೇ, ನಿಮ್ಮೂರಿನ ಒಂದೊಂದು ಗುಡಿಯ ಮುಂದೆ ಕನ್ನಡದಲ್ಲಿ ಹತ್ತು ಸಾಲಿನ ಫಲಕ ನಿಲ್ಲಿಸಿ: ಯಾರು ಕಟ್ಟಿಸಿದರು, ಎಂದು, ಶಾಸನ ಏನು ಹೇಳುತ್ತದೆ. ಮಗ್ಗುಲಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ರಾತ್ರಿ ತಂಗುವವರಿಗೆ ಒಂದು ಕೋಣೆ. ಹಳ್ಳದಲ್ಲಿ ಮಗುಚಿ ಬಿದ್ದ ವೀರಗಲ್ಲನ್ನು ಎತ್ತಿ ಅಗಸಿಯ ಮುಂದೆ ನಿಲ್ಲಿಸಲು ಯಾವ ಮಂಜೂರಾತಿ ಬೇಕು? ನಾಲ್ಕು ಜನರ ಹೆಗಲು ಸಾಕು. ಶಾಸಕರೇ, ಕಿತ್ತೂರಿನಿಂದ ರಾಮದುರ್ಗದ ತನಕ ಮಲಪ್ರಭೆಯ ದಂಡೆ ಹಿಡಿದು ಒಂದು ನಡಿಗೆಯ ದಾರಿ ಗುರುತು ಮಾಡಿಸಿ. ಮೈಲಿಗೊಂದು ಕಲ್ಲು, ಕಲ್ಲಿಗೊಂದು ಬೇವಿನ ಸಸಿ. ಗುಡ್ಡಕ್ಕೆ ನಡೆದು ಬರುವ ಯಲ್ಲಮ್ಮನ ಭಕ್ತರಿಗೂ ಅದೇ ನೆರಳಾಗುತ್ತದೆ. ತಂದೆತಾಯಿಗಳೇ, ಮಕ್ಕಳ ಮುಂದೆ ‘ನಮ್ಮ ಕಡೆ ಏನೈತಿ’ ಎಂಬ ಮಾತು ಇವತ್ತಿಗೆ ನಿಲ್ಲಿಸಿ. ನಿಮಗೆ ಗೊತ್ತಿಲ್ಲದಿದ್ದರೆ ಮಕ್ಕಳ ಕೈ ಹಿಡಿದು ಹೋಗಿ, ಕೂಡಿಯೇ ಕಲಿಯಿರಿ.

ಅಕ್ಕನ ಮಗ ಸಂಕ್ರಾಂತಿಗೆ ಮತ್ತೆ ಬರುವವನಿದ್ದಾನೆ. ಆ ಚೀನಾದ ಚೀಲವನ್ನೇ ತರಲು ಹೇಳಿದ್ದೇನೆ. ಬರುವವರು ಬನ್ನಿ, ಕಿತ್ತೂರಿನ ಕೋಟೆಯ ಬಾಗಿಲಲ್ಲಿ ಬೆಳಗಿನ ಆರಕ್ಕೆ ಕೂಡೋಣ. ಬಿಸಿಲೇರುವುದರೊಳಗೆ ದೇಗಾಂವ ಮುಟ್ಟಬೇಕು. ಮೊದಲ ದಿನದ ಬುತ್ತಿ ನಮ್ಮ ಮನೆಯದು: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಒಕ್ಕುಂದದಲ್ಲಿ ಹೊಳೆಗಿಳಿದು ಮುಖ ತೊಳೆದು, ಗುಡಿಯ ಕಲ್ಲಿನ ಮೇಲೆ ಹುಡುಗನ ಅಂಗೈ ಊರಿಸಬೇಕೆಂದಿದ್ದೇನೆ.